ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ ಅಂತ ಜಿಪ್ ಫೈಲ್ ಬಿಚ್ಚಬೇಡಿ

ಗುರುತಿಲ್ಲದವರ ಮೇಲ್‌ನಲ್ಲಿ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಂದು, ಅದರ ಪಾಸ್‌ವರ್ಡ್ ಕೂಡ ಅದೇ ಮೇಲ್‌ನಲ್ಲಿ ಇದ್ದರೆ, ದಯವಿಟ್ಟು ಬಿಚ್ಚಬೇಡಿ. ಗುಟ್ಟಾಗಿರಲಿ ಅಂತ ಬೀಗ ಹಾಕಿದವರು ಕೀಲಿಯನ್ನು ಪಕ್ಕದಲ್ಲೇ ಇಟ್ಟು ಕಳಿಸುತ್ತಾರಾ? ನಿಮ್ಮ ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಅಂತಲೇ ಆ ಬೀಗ.

ನನ್ನ ತಂಗಿಗೆ ಆಗಿದ್ದು ಇದೇ. ಅವಳದ್ದೊಂದು ವಿಡಿಯೊ ಚಾನೆಲ್ ಇದೆ. ಜಾಹೀರಾತು ಕೊಡುತ್ತೇವೆ ಅಂತ ಒಂದು ಕಂಪನಿಯ ಹೆಸರಲ್ಲಿ ಮೇಲ್ ಬಂತು, ಹಲವು ಸಲ ಅತ್ತಿಂದಿತ್ತ ಮಾತುಕತೆ ನಡೆಯಿತು, ಭಾಷೆಯೂ ತುಂಬಾ ಸಭ್ಯವಾಗಿತ್ತು, ಆಮೇಲೆ ಒಪ್ಪಂದದ ಪತ್ರ ಅಂತ ಈ ಜಿಪ್ ಬಂತು. ಅವಳೇನು ಕಣ್ಣು ಮುಚ್ಚಿಕೊಂಡು ತೆರೆಯಲಿಲ್ಲ. ಮೊದಲು ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಟ್ಟಳು. ಅಪಾಯ ಏನೂ ಕಂಡಿಲ್ಲ ಅಂತ ಹಸಿರು ಗುರುತು ಬಂತು. ಬಿಚ್ಚಿದರೆ ಪಿಡಿಎಫ್ ಥರ ಕಾಣುವ ಒಂದು ಫೈಲ್. ಡಬಲ್ ಕ್ಲಿಕ್ ಮಾಡಿದರೆ ಏನೂ ತೆರೆಯಲಿಲ್ಲ. ಬೆಳಗಾಗುವುದರೊಳಗೆ ಚಾನೆಲ್‌ನ ಹೆಸರೇ ಬದಲಾಗಿತ್ತು, ಅದರಲ್ಲಿ ಯಾವುದೋ ಕ್ರಿಪ್ಟೊ ಲೈವ್ ಓಡುತ್ತಿತ್ತು!

ಸ್ಕ್ಯಾನ್ ಸುಳ್ಳು ಹೇಳಿತಾ? ಇಲ್ಲ. ಅದಕ್ಕೆ ಕಂಡಿದ್ದನ್ನೇ ಹೇಳಿತು, ಆದರೆ ಅದಕ್ಕೆ ಕಂಡಿದ್ದು ಬಹಳ ಕಡಿಮೆ. ಆ್ಯಂಟಿವೈರಸ್ ಫೈಲಿನ ಒಳಗಿನ ಬೈಟ್‌ಗಳನ್ನು ಓದುತ್ತದೆ, ಈಗಾಗಲೇ ಗೊತ್ತಿರುವ ಮಾಲ್‌ವೇರ್‌ಗಳ, ಅಂದರೆ ಹಾನಿ ಮಾಡುವ ಪ್ರೋಗ್ರಾಮ್‌ಗಳ ಗುರುತುಗಳ ಜೊತೆ ಹೋಲಿಸುತ್ತದೆ. ಇಡೀ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಗುರುತುಸಂಖ್ಯೆ, ಅಂದರೆ ಹ್ಯಾಶ್ ಒಂದನ್ನೇ ನೋಡಿದರೆ ಸಾಲದು, ಯಾಕೆಂದರೆ ಒಂದೇ ಒಂದು ಬೈಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಅದಕ್ಕೇ ಒಳಗಿನ ಕೋಡ್ ತುಣುಕುಗಳನ್ನೂ ಹುಡುಕುತ್ತದೆ, ಈ ಪ್ರೋಗ್ರಾಮ್ ವಿಂಡೋಸ್‌ನಿಂದ ಏನೇನು ಕೇಳುತ್ತದೆ ಅಂತ ಗಮನಿಸುತ್ತದೆ, ಕೆಲವು ಸಲ ನಕಲಿ ವಾತಾವರಣದಲ್ಲಿ ಸ್ವಲ್ಪ ಹೊತ್ತು ಓಡಿಸಿಯೂ ನೋಡುತ್ತದೆ. ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಸಾಮಾನ್ಯವಾಗಿ ಒಳಗಿನ ಫೈಲಿನ ಹೆಸರು, ಗಾತ್ರ ಕಾಣಬಹುದು, ಅಷ್ಟೇ. ಕೆಲವು ಆ್ಯಂಟಿವೈರಸ್‌ಗಳು ಇಂಥ ಫೈಲನ್ನು ನೋಡಲಾಗಲಿಲ್ಲ ಅಂತ ಲಾಗ್‌ನ ಯಾವುದೋ ಮೂಲೆಯಲ್ಲಿ ಬರೆದುಕೊಂಡು, ಮುಂದೆ ಮಾತ್ರ ಹಸಿರು ಗುರುತು ತೋರಿಸುತ್ತವೆ. ಇದು ನನಗೆ ಸಿಟ್ಟು ತರಿಸುವ ವಿಷಯ. ನೋಡಲಾಗಲಿಲ್ಲ ಅನ್ನುವುದಕ್ಕೂ ಏನೂ ಇಲ್ಲ ಅನ್ನುವುದಕ್ಕೂ ಎಷ್ಟು ಅಂತರ ಇದೆ ಅಲ್ವಾ?

ನಿಮ್ಮದು ಹೇಗೆ ಅಂತ ನೀವೇ ನೋಡಬಹುದು. ಐಕಾರ್ ಅಂತ 68 ಅಕ್ಷರಗಳ ಒಂದು ಪರೀಕ್ಷಾ ಫೈಲ್ ಇದೆ. ಅದರಿಂದ ಹಾನಿ ಏನೂ ಇಲ್ಲ, ಆ್ಯಂಟಿವೈರಸ್‌ಗಳು ಕೂಗಲಿ ಅಂತಲೇ ಮಾಡಿದ್ದು. ಅದನ್ನು ಪಾಸ್‌ವರ್ಡ್ ಜಿಪ್‌ಗೆ ಹಾಕಿ ಸ್ಕ್ಯಾನ್ ಕೊಡಿ. ಹಾಗೇ ಸಿಕ್ಕರೆ ಹಿಡಿಯುವ ಫೈಲನ್ನು ಬೀಗದೊಳಗೆ ಇಟ್ಟಾಗ ಏನನ್ನುತ್ತದೆ ನೋಡಿ.

ಸರಿ, ಬಿಚ್ಚಿದ ಮೇಲಾದರೂ ಹಿಡಿಯಬೇಕಿತ್ತಲ್ಲ? ಫೈಲ್ ಡಿಸ್ಕಿಗೆ ಬಂದಾಗ, ಓಡುವಾಗ ತಾನಾಗಿ ನೋಡುವ ರಿಯಲ್‌ಟೈಮ್ ರಕ್ಷಣೆ ಇರುತ್ತದೆ. ಅದಕ್ಕೂ ಇವರು ದಾರಿ ಹುಡುಕಿಕೊಂಡಿದ್ದಾರೆ. ಜಿಪ್ ಇದ್ದದ್ದು ಕೆಲವೇ ಎಂಬಿ, ಬಿಚ್ಚಿದ ಫೈಲ್ 700 ಎಂಬಿ ದಾಟಿತ್ತು. ಒಳಗೆ ಸುಮ್ನೆ ಸೊನ್ನೆಗಳನ್ನು ತುಂಬಿರುತ್ತಾರೆ. ಸೊನ್ನೆಗಳು ಜಿಪ್‌ನಲ್ಲಿ ಕುಗ್ಗಿ ಹೆಚ್ಚುಕಡಿಮೆ ಇಲ್ಲದಂತೆ ಆಗುತ್ತವೆ, ಬಿಚ್ಚಿದಾಗ ಉಬ್ಬುತ್ತವೆ. ಕಂಪ್ಯೂಟರ್ ನಿಧಾನ ಆಗಬಾರದು ಅಂತ ಎಷ್ಟೋ ಸ್ಕ್ಯಾನರ್‌ಗಳು ತುಂಬಾ ದೊಡ್ಡ ಫೈಲನ್ನು ಪೂರ್ತಿ ಓದುವುದಿಲ್ಲ. ಹತ್ತಾರು ಆ್ಯಂಟಿವೈರಸ್‌ಗಳಲ್ಲಿ ಒಟ್ಟಿಗೆ ನೋಡುವ ವೈರಸ್‌ಟೋಟಲ್ ಕೂಡ 650 ಎಂಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ. ಒಪ್ಪಂದದ ಪತ್ರ 700 ಎಂಬಿ ಯಾಕಿರುತ್ತದೆ ಹೇಳಿ!

ಆಮೇಲೆ ಫುಲ್ ಸ್ಕ್ಯಾನ್ ಮಾಡಿದೆವು. ಆಗಲೂ ಏನೂ ಸಿಗಲಿಲ್ಲ. ಸಿಗುವುದಕ್ಕೆ ಅಲ್ಲಿ ಏನಾದರೂ ಇರಬೇಕಲ್ಲ? ಈ ಜಾತಿಯ ಮಾಲ್‌ವೇರ್ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಬಾಚಿಕೊಂಡು ಕಳಿಸಿ, ಕೆಲವು ಸಲ ತನ್ನನ್ನೇ ಅಳಿಸಿಕೊಳ್ಳುತ್ತದೆ. ಕುಕೀ ಅಂದರೆ ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಅನ್ನುವ ಚೀಟಿ. ಅದು ಕೈಗೆ ಸಿಕ್ಕಿದವರಿಗೆ ಪಾಸ್‌ವರ್ಡೂ ಬೇಡ, ಮೊಬೈಲಿಗೆ ಬರುವ ಒಟಿಪಿಯೂ ಬೇಡ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಚಾನೆಲ್ ಹೋಗಿದ್ದೂ ಹೀಗೇ, ಜಾಹೀರಾತಿನ ಪಿಡಿಎಫ್ ಅಂತ ಬಂದ ಫೈಲಿನಿಂದ. ಕಂಪ್ಯೂಟರ್ ಬಗ್ಗೆಯೇ ವಿಡಿಯೊ ಮಾಡುವವರು ಅವರು.

ಹಾಗಂತ ಆ್ಯಂಟಿವೈರಸ್ ದಂಡ ಅನ್ನುವವರ ಮಾತು ಕೇಳಬೇಡಿ, ಗೊತ್ತಿರುವ ಮಾಲ್‌ವೇರನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಆ್ಯಂಟಿವೈರಸ್ ಅಡ್ಡ ಬಂದರೆ ಆಫ್ ಮಾಡಿ, ಈ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ (ಸ್ಕ್ಯಾನ್ ಮಾಡದೆ ಬಿಡುವ ಪಟ್ಟಿಗೆ) ಹಾಕಿ ಅಂತ ಬರೆದು ಕಳಿಸುವವರೂ ಇದ್ದಾರೆ. ಅಂಥವರ ಫೈಲನ್ನು ಅಲ್ಲೇ ಅಳಿಸಿಬಿಡಿ.

ಅಕಸ್ಮಾತ್ ಓಡಿಸಿಯೇ ಬಿಟ್ಟಿದ್ದರೆ ಮೊದಲು ನೆಟ್ ಕಡಿಯಿರಿ. ಪಾಸ್‌ವರ್ಡನ್ನು ಆ ಲ್ಯಾಪ್‌ಟಾಪಿನಲ್ಲೇ ಬದಲಿಸಲು ಹೋಗಬೇಡಿ, ಹೊಸದೂ ಅವರ ಕೈಗೆ ಹೋಗಬಹುದು. ಬೇರೆ ಫೋನಿನಿಂದ ಲಾಗಿನ್ ಆಗಿ, ಪಾಸ್‌ವರ್ಡ್ ಬದಲಿಸಿ, ಜೊತೆಗೇ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಕೊಡಿ. ಇದನ್ನು ಮರೆತರೆ ಕದ್ದ ಕುಕೀ ಇನ್ನೂ ಕೆಲಸ ಮಾಡುತ್ತಿರಬಹುದು. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ, ಅಡಗಿ ಕೂತವು ಆಗ ಸಿಗುವ ಸಾಧ್ಯತೆ ಜಾಸ್ತಿ. ನಾವು ಅದನ್ನೂ ನಂಬದೆ ವಿಂಡೋಸನ್ನೇ ಹೊಸದಾಗಿ ಹಾಕಿದೆವು.

ಇನ್ನೊಂದು, ಇದನ್ನು ಈಗಲೇ ಮಾಡಿಬಿಡಿ. ವಿಂಡೋಸ್ ಫೈಲಿನ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ತಂಗಿಗೆ ಬಂದ ಆ ಪಿಡಿಎಫ್‌ನ ಕೊನೆಯಲ್ಲಿ ಇದ್ದದ್ದು ಎಸ್‌ಸಿಆರ್. ಹೆಸರಿಗೆ ಅದು ಸ್ಕ್ರೀನ್‌ಸೇವರ್ ಫೈಲ್, ಆದರೆ ಇಎಕ್ಸ್‌ಇ ಅನ್ನುವ ಪ್ರೋಗ್ರಾಮ್ ಫೈಲಿನ ಥರವೇ ಓಡುತ್ತದೆ.