ಓಪನ್ ಕೋಂಬ್ ರೇಜರ್: ನಾಲ್ಕು ದಿನದ ಗಡ್ಡಕ್ಕೆ ಸರಿ, ದಿನನಿತ್ಯದ ಗಡ್ಡಕ್ಕೆ ಅಲ್ಲ

ಪ್ರತಿದಿನ ಬೆಳಿಗ್ಗೆ ತಪ್ಪದೆ ಗಡ್ಡ ಹೆರೆದುಕೊಳ್ಳುವ ಶಿಸ್ತಿನ ಮನುಷ್ಯ ನೀವಾಗಿದ್ದರೆ ಈ ರೇಜರ್ ನಿಮಗಲ್ಲ. ಮುಂದಕ್ಕೆ ಓದದಿದ್ದರೂ ನಷ್ಟವಿಲ್ಲ. ಮಂಗಳವಾರ ಕೂಡದು, ಶುಕ್ರವಾರ ಬೇಡ, ಶನಿವಾರವಂತೂ ಮಾತೇ ಇಲ್ಲ, ನಡುವೆ ಅಮಾವಾಸ್ಯೆ ಬಿದ್ದರೆ ಅದೂ ಹೋಯಿತು ಎಂಬ ಲೆಕ್ಕಾಚಾರದ ಮನೆಯವರಿಗೆ ಮತ್ತು ವಾರಕ್ಕೆ ಎರಡು ಸಲ ಕನ್ನಡಿಯ ಮುಂದೆ ನಿಂತರೆ ಹೆಚ್ಚು ಎನ್ನುವ ನನ್ನಂಥ ಸೋಮಾರಿಗಳಿಗೆ ಹೇಳಿ ಮಾಡಿಸಿದ ಸಾಮಾನು ಇದು.

ನಾನು ಬಳಸುತ್ತಿರುವುದು ಏಳುನೂರು ರೂಪಾಯಿಯ ಆಸುಪಾಸಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿಕೊಂಡ, ಮೂರು ತುಂಡಿನ ಓಪನ್ ಕೋಂಬ್, ಅಂದರೆ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳಿರುವ, ಸೇಫ್ಟಿ ರೇಜರ್. ಅದಕ್ಕೆ ಈಗ ಮೂರನೆಯ ಮಳೆಗಾಲ. ಕಂಪನಿಯ ಹೆಸರು ಬರೆಯುತ್ತಿಲ್ಲ, ಬರೆದು ಪ್ರಯೋಜನವೂ ಇಲ್ಲ. ಈ ಬೆಲೆಯ ರೇಜರ್‌ಗಳಲ್ಲಿ ಎಷ್ಟೋ ಸಲ ತಲೆಯ ಭಾಗ ಒಂದೇ ಅಚ್ಚಿನದ್ದಾಗಿರುತ್ತದೆ, ಡಬ್ಬಿಯ ಮೇಲಿನ ಹೆಸರು ಮತ್ತು ಹಿಡಿಯ ಮೇಲಿನ ಗೆರೆಗಳಷ್ಟೇ ಬೇರೆ. ಹೆಸರು ನೋಡಿ ಕೊಳ್ಳುವುದಕ್ಕಿಂತ ಚಿತ್ರವನ್ನು ದೊಡ್ಡದು ಮಾಡಿ ತಲೆ ನೋಡಿ ಕೊಳ್ಳುವುದು ಮೇಲು.

ಅಪ್ಪಂದಿರ ಕಾಲದ ರೇಜರ್ ನೋಡಿದವರಿಗೆ ಇದರ ರಚನೆ ಹೊಸದೇನಲ್ಲ. ಮೇಲೊಂದು ಮುಚ್ಚಳ, ನಡುವೆ ಬ್ಲೇಡು, ಕೆಳಗೊಂದು ತಟ್ಟೆ, ಎಲ್ಲವನ್ನೂ ಬಿಗಿಯುವ ಹಿಡಿ. ವ್ಯತ್ಯಾಸವಿರುವುದು ಕೆಳಗಿನ ತಟ್ಟೆಯ ಅಂಚಿನಲ್ಲಿ. ಸಾಮಾನ್ಯ ರೇಜರ್‌ನಲ್ಲಿ ಅಲ್ಲಿ ನೇರವಾದ ಪಟ್ಟಿಯಿರುತ್ತದೆ. ಇದರಲ್ಲಿ ಸಾಲಾಗಿ ಹಲ್ಲುಗಳಿವೆ. ನೋಡಿದವರು ಇದನ್ನು ಯಾವುದೋ ಹೊಸ ಆವಿಷ್ಕಾರ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಹಲ್ಲೇ ಮೊದಲು ಬಂದದ್ದು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟ ಆರಂಭಿಸಿದಾಗ ಆ ವರ್ಷ ಹೋದದ್ದು 51 ರೇಜರ್ ಮತ್ತು 168 ಬ್ಲೇಡು ಮಾತ್ರ. ಆ ಹಳೆಯ ಮಾದರಿಯ ರೇಜರ್‌ಗಳಿಗೆ ಇದ್ದದ್ದು ಹಲ್ಲುಗಳೇ. ನೇರ ಪಟ್ಟಿಯ 'ಟೆಕ್' ಎಂಬ ಮಾದರಿಯನ್ನು ಅದೇ ಕಂಪನಿ ಮಾರುಕಟ್ಟೆಗೆ ತಂದದ್ದು 1938ರಲ್ಲಿ. ಪಟ್ಟಿ ಚರ್ಮವನ್ನು ಸಮನಾಗಿ ಒತ್ತಿ ಹಿಡಿಯುತ್ತದೆ, ಕೈಜಾರಿ ನೆಲಕ್ಕೆ ಬಿದ್ದರೂ ಹಲ್ಲಿನಂತೆ ಸೊಟ್ಟಗಾಗುವುದಿಲ್ಲ. ಅಷ್ಟು ಅನುಕೂಲವಿದ್ದ ಮೇಲೆ ಹಲ್ಲು ಹಿಂದೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಅನುಕೂಲಕ್ಕಾಗಿ ಬಿಟ್ಟುಕೊಟ್ಟದ್ದೂ ಒಂದಿದೆ.

ನಾಲ್ಕು ದಿನ ಬಿಟ್ಟ ಗಡ್ಡ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆದಿರುತ್ತದೆ. ಅದರ ಮೇಲೆ ಪಟ್ಟಿಯ ರೇಜರ್ ಎಳೆದರೆ ಪಟ್ಟಿ ಮೊದಲು ಹಾದು ಹೋಗುತ್ತದೆ, ಗಾಳಿಗೆ ಮಲಗಿದ ಭತ್ತದ ಪೈರಿನಂತೆ ಕೂದಲು ಮಲಗುತ್ತದೆ, ನೊರೆಯೂ ಮುಂದಕ್ಕೆ ತಳ್ಳಲ್ಪಡುತ್ತದೆ. ಹಿಂದಿನಿಂದ ಬರುವ ಬ್ಲೇಡಿಗೆ ಸಿಗುವುದು ಅರೆಬರೆ ಒಣಗಿದ ಚರ್ಮ. ಮೂರು ಬ್ಲೇಡು, ಐದು ಬ್ಲೇಡಿನ ಕಾರ್ಟ್ರಿಡ್ಜ್‌ಗಳ ಪಾಡು ಇನ್ನೂ ಕಷ್ಟ. ಬ್ಲೇಡುಗಳ ನಡುವಿನ ಸಂದಿಯಲ್ಲಿ ಕೂದಲು, ನೊರೆ ಸೇರಿ ಮೆತ್ತಿಕೊಂಡು, ಎರಡು ಎಳೆತಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿಯಬೇಕು, ಸಿಂಕಿನ ಅಂಚಿಗೆ ಕುಟ್ಟಬೇಕು. ಹಲ್ಲುಗಳಿದ್ದಾಗ ಕೂದಲು ಆ ಸಂದುಗಳಲ್ಲಿ ನಿಂತೇ ಬ್ಲೇಡಿಗೆ ಸಿಗುತ್ತದೆ, ನೊರೆಯೂ ಒಂದಷ್ಟು ಚರ್ಮದ ಮೇಲೆ ಉಳಿಯುತ್ತದೆ.

ಇದು ತಿಳಿಯುವುದು ಮೊದಲು ಕಿವಿಗೆ. ಕಿವಿಯ ಕೆಳಗಿನಿಂದ ದವಡೆಯ ಮೂಲೆಗೆ ಇಳಿಯುವಾಗ ಒಣ ಹುಲ್ಲು ಮುರಿದ ಹಾಗೆ ಚರಚರ ಸದ್ದು ಬರುತ್ತದೆ. ಸದ್ದು ದಪ್ಪಗಿದ್ದಷ್ಟೂ ಕೂದಲು ಬುಡದಿಂದ ಹೋಗುತ್ತಿದೆ ಎಂದರ್ಥ. ಸದ್ದು ತೆಳ್ಳಗಾಗಿ ಬರೀ ಚರ್ಮದ ಮೇಲೆ ಜಾರುವಂತಾದರೆ ಕೋನ ತಪ್ಪಿದೆ ಎಂದರ್ಥ. ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸುತ್ತ ಹೋದರೆ ಬ್ಲೇಡು ಕೂದಲನ್ನು ಹಿಡಿಯುವ ಜಾಗ ಬರುತ್ತದೆ. ಚರ್ಮಕ್ಕೂ ಬ್ಲೇಡಿಗೂ ಸುಮಾರು 30 ಡಿಗ್ರಿ. ಅಲ್ಲಿಂದ ಮುಂದೆ ರೇಜರ್‌ನ ಭಾರವೇ ಕೆಲಸ ಮಾಡಬೇಕು. ಕಾರ್ಟ್ರಿಡ್ಜ್ ಬಳಸಿ ಅಭ್ಯಾಸವಾದ ಕೈ ತಾನಾಗಿ ಒತ್ತುತ್ತದೆ. ಆ ಚಟ ಬಿಡುವವರೆಗೆ ಗಲ್ಲದ ಮೇಲೆ ಒಂದೆರಡು ಕೆಂಪು ಚುಕ್ಕೆ ಖಾತ್ರಿ.

ಓಪನ್ ಕೋಂಬ್ ಎಂದರೆ ಕಚ್ಚುವ ರೇಜರ್ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಅರ್ಧ ಮಾತ್ರ ನಿಜ. ಕಚ್ಚುವುದೋ ಬಿಡುವುದೋ ಎಂಬುದನ್ನು ನಿರ್ಧರಿಸುವುದು ಹಲ್ಲಲ್ಲ. ಬ್ಲೇಡಿನ ಅಂಚು ಮುಚ್ಚಳದಿಂದ ಎಷ್ಟು ಹೊರಚಾಚಿದೆ, ಬ್ಲೇಡಿಗೂ ಕೆಳತಟ್ಟೆಗೂ ನಡುವೆ ಎಷ್ಟು ಸಂದಿಯಿದೆ ಎಂಬುದು. ಜರ್ಮನಿಯಲ್ಲೇ ತಯಾರಾಗುವ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು: ಮ್ಯೂಲೆ ಆರ್41 ಉಗ್ರತೆಗೇ ಹೆಸರಾದದ್ದು, ಮರ್ಕುರ್ 15ಸಿ ಅದರ ಎದುರು ಸಾಧು ಪ್ರಾಣಿ. ಎರಡಕ್ಕೂ ಹಲ್ಲಿದೆ. ನಮ್ಮ ದೇಶದಲ್ಲೇ ತಯಾರಾಗಿ ಅಮೆರಿಕದವರ ಬಚ್ಚಲುಮನೆ ಸೇರುವ ಪಾರ್ಕರ್‌ನ 24ಸಿ ಮತ್ತು 26ಸಿ ಕೂಡ ಇದೇ ಜಾತಿಯವು. ಅಷ್ಟು ದುಡ್ಡು ಬೇಡ ಎಂದು ನಾನು ಕೊಂಡದ್ದು ಸೌಮ್ಯಕ್ಕೂ ಉಗ್ರಕ್ಕೂ ನಡುವಿನದ್ದು. ಗಲ್ಲದ ತುದಿಯ ಬಿರುಸು ಕೂದಲು ಒಂದೇ ಎಳೆತಕ್ಕೆ ಹೋಗುತ್ತದೆ, ಆದರೆ ಮೂಗಿನ ಕೆಳಗೆ ಎಚ್ಚರ ತಪ್ಪಿದರೆ ಕ್ಷಮಿಸುವುದಿಲ್ಲ. ದಿನ ಬಿಡದೆ ಬಳಸಿದರೆ ಕತ್ತಿನ ಮೇಲೆ ಉರಿಯುತ್ತದೆ. ಕಡಿಯಲು ಕೂದಲೇ ಇಲ್ಲದಿದ್ದರೆ ಬ್ಲೇಡು ಚರ್ಮವನ್ನಲ್ಲದೆ ಇನ್ನೇನನ್ನು ಕೆರೆಯಬೇಕು? ಮದುವೆ ಸಾಲಿನಲ್ಲಿ ದಿನವೂ ಗಡ್ಡ ತೆಗೆಯಬೇಕಾಗಿ ಬಂದಾಗ ನಾನು ಮತ್ತೆ ಹಳೆಯ ಪಟ್ಟಿಯ ರೇಜರ್‌ಗೇ ಮರಳುತ್ತೇನೆ.

ಹಾಗೆಂದು ಶಬರಿಮಲೆಯ ನಲವತ್ತೊಂದು ದಿನದ ವ್ರತ ಮುಗಿಸಿ ಬಂದು ಅದೇ ಗಡ್ಡದ ಮೇಲೆ ನೇರವಾಗಿ ಇದನ್ನು ಇಳಿಸಲು ಹೋಗಬೇಡಿ. ಅಷ್ಟು ಉದ್ದಕ್ಕೆ ಮೊದಲು ಕತ್ತರಿಯೋ ಟ್ರಿಮ್ಮರೋ ಆಗಬೇಕು. ವಾರದವರೆಗಿನ ಗಡ್ಡವಾದರೆ ನೇರವಾಗಿ ನಡೆಯುತ್ತದೆ.

ಬ್ಲೇಡಿನ ವಿಷಯಕ್ಕೆ ಬಂದರೆ, ಈ ಪದ್ಧತಿಯ ನಿಜವಾದ ಸುಖ ಇರುವುದೇ ಅಲ್ಲಿ. ಎರಡಂಚಿನ ಬ್ಲೇಡು ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ದಪ್ಪ. ನಡುವಿನ ತೂತಿನ ಆಕಾರ ಕಾಲಕ್ಕೆ ತಕ್ಕಂತೆ ಬದಲಾಗಿರಬಹುದು, ಅಳತೆ ಬಹುತೇಕ ಅದೇ. ಹಾಗಾಗಿ ರೇಜರ್ ಯಾರದ್ದೇ ಆಗಲಿ, ಮೂಲೆಯ ಅಂಗಡಿಯಲ್ಲಿ ನೇತುಹಾಕಿರುವ ಯಾವ ಬ್ಲೇಡಾದರೂ ಕೂರುತ್ತದೆ. ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಸೋರ್ಡ್, ಟೋಪಾಜ್, ಸೂಪರ್‌ಮ್ಯಾಕ್ಸ್ ಎಲ್ಲವನ್ನೂ ಹಾಕಿ ನೋಡಿದ್ದೇನೆ. ನನ್ನ ಗಡ್ಡಕ್ಕೆ ಒಗ್ಗಿದ್ದು ಸೆವೆನ್ ಓ ಕ್ಲಾಕ್‌ನ ಪ್ಲಾಟಿನಂ ಬ್ಲೇಡು. ಹರಿತಕ್ಕೆ ಹೆಸರಾದ ಜಪಾನಿನ ಫೆದರ್ ಕೈ ಪಳಗಿದವರಿಗೆ ಸರಿ, ಓಪನ್ ಕೋಂಬಿನ ಜೊತೆ ಆರಂಭಕ್ಕಂತೂ ಬೇಡ. ಒಂದು ಬ್ಲೇಡು ನಾಲ್ಕು ದಿನದ ಗಡ್ಡಕ್ಕೆ ನಾಲ್ಕೈದು ಬಾರಿ ಬಂದರೆ ಸಾಕು, ಆಮೇಲೆ ಕೀಳಲು ಶುರು ಮಾಡುತ್ತದೆ. ಕೂದಲಿನಂಥ ಮೆತ್ತಗಿನ ವಸ್ತು ಉಕ್ಕನ್ನು ಹೇಗೆ ಮೊಂಡಾಗಿಸುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದವರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಬರೆದಿದ್ದಾರೆ. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಓರೆಯಾಗಿ ಬಾಗಿ ಅಂಚಿಗೆ ಸಿಕ್ಕಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಅಂಚಿನಿಂದ ಸಣ್ಣ ಚಕ್ಕೆ ಹಾರಿಹೋಗುತ್ತದೆಯಂತೆ. ಬ್ಲೇಡನ್ನು ಟವೆಲಿನಿಂದ ಒರೆಸಿ ಉಳಿಸಿಕೊಳ್ಳುತ್ತೇನೆ ಎನ್ನುವವರಿಗೆ ಒಂದು ಮಾತು: ಒರೆಸಿದರೆ ಅಂಚಿನ ಮೇಲಿನ ಲೇಪನ ಹೋಗುತ್ತದೆ, ಜೊತೆಗೆ ಬೆರಳೂ ಹೋಗಬಹುದು. ಝಾಡಿಸಿ ನೀರು ಬೀಳಿಸಿ, ತೆರೆದ ಜಾಗದಲ್ಲಿ ನಿಲ್ಲಿಸಿದರೆ ಮುಗಿಯಿತು.

ರೇಜರ್‌ನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ನೀರು ಮುಖ್ಯ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಬ್ರಷ್ಷಿನಲ್ಲಿ ಎಷ್ಟು ತಿರುಗಿಸಿದರೂ ನೊರೆ ಗುಳ್ಳೆಗುಳ್ಳೆಯಾಗಿ ಎದ್ದು, ಎರಡನೆಯ ಕೆನ್ನೆಗೆ ಬರುವಷ್ಟರಲ್ಲಿ ಬತ್ತಿರುತ್ತದೆ. ಅದೇ ಕ್ರೀಮು, ಅದೇ ಬ್ರಷ್ಷು ಸಾಗರದ ಕಡೆಯ ಊರಿಗೆ ಹೋದಾಗ ಬಾವಿ ನೀರಿನಲ್ಲಿ ಮೊಸರಿನಷ್ಟು ಗಟ್ಟಿ ನೊರೆ ಕೊಡುತ್ತದೆ. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಗಸಿಯಾಗಿಬಿಡುವುದೇ ಇದಕ್ಕೆ ಕಾರಣ. ಈಗ ನಗರದಲ್ಲಿ ಒಂದು ಲೋಟ ಆರ್‌ಓ ನೀರು ಬಿಸಿ ಮಾಡಿ ಅದರಲ್ಲೇ ಬ್ರಷ್ ನೆನೆಸುತ್ತೇನೆ, ಸಮಸ್ಯೆ ಮುಕ್ಕಾಲು ಪಾಲು ಕಡಿಮೆಯಾಗಿದೆ. ಡಬ್ಬಿ ಒತ್ತಿದರೆ ಬುಸ್ ಎಂದು ಬರುವ ನೊರೆ ಇದಕ್ಕೆ ಹೊಂದುವುದಿಲ್ಲ. ನೋಡಲು ಬೆಟ್ಟ, ಒಳಗೆ ಬರೀ ಗಾಳಿ. ಮುಖ ತೊಳೆದು ಎರಡು ಮೂರು ನಿಮಿಷ ಕೂದಲು ನೆನೆದರೆ ಕಡಿಯಲು ಎಷ್ಟು ಮೆದುವಾಗುತ್ತದೆ ಎಂಬುದನ್ನು ಸ್ನಾನದ ಮೊದಲು ಒಮ್ಮೆ, ಸ್ನಾನದ ನಂತರ ಒಮ್ಮೆ ಗಡ್ಡ ತೆಗೆದು ನೀವೇ ನೋಡಬಹುದು.

ಕೊನೆಗೆ ಒದ್ದೆ ಮುಖಕ್ಕೆ ಪಟಿಕದ ಕಲ್ಲು. ಕ್ಷೌರದಂಗಡಿಯಲ್ಲಿ ಉಜ್ಜುವ ಅದೇ ಕಲ್ಲು. ಎಲ್ಲಿ ಚುರುಚುರು ಎನ್ನುತ್ತದೆಯೋ ಅಲ್ಲಿ ಕೈ ಒತ್ತಿದೆ ಎಂದು ಲೆಕ್ಕ. ನನಗೆ ಈಗಲೂ ಗಂಟಲಮಣಿಯ ಎಡಗಡೆ ಚುರುಗುಟ್ಟುತ್ತದೆ, ಅಲ್ಲಿ ಕೂದಲು ಅಡ್ಡಡ್ಡ ಬೆಳೆಯುತ್ತದೆ. ಮೇಲಿನಿಂದ ಕೆಳಕ್ಕೆ ಎಳೆಯುವುದನ್ನು ಬಿಟ್ಟು, ಕಿವಿಯ ಕಡೆಯಿಂದ ನಡುವಿನತ್ತ ಎಳೆದರೆ ಕಡಿಮೆ.

ಇನ್ನು ದೂರುಗಳು. ಹೊಳೆಯುವ ಕ್ರೋಮ್ ಲೇಪನದ ಕೆಳಗೆ ತಲೆಯ ಭಾಗ ಸತುವಿನ ಮಿಶ್ರಲೋಹ. ಎರಡನೆಯ ಮಳೆಗಾಲದ ಹೊತ್ತಿಗೆ ಎರಡು ಹಲ್ಲುಗಳ ಬುಡದಲ್ಲಿ ಲೇಪನ ಗುಳ್ಳೆ ಎದ್ದಿತು, ಈಗ ಅಲ್ಲಿ ಬೂದು ಬಣ್ಣದ ಒರಟು ಕಲೆಯಿದೆ. ಚರ್ಮಕ್ಕೆ ತಾಗುವುದಿಲ್ಲ, ಆದರೆ ಕಾಯಿಲೆ ಶುರುವಾಗಿದೆ ಎಂಬುದು ಖಚಿತ. ಸತು ಒಮ್ಮೆ ಗಾಳಿ ನೀರಿಗೆ ತೆರೆದುಕೊಂಡರೆ ಹಿಂದಕ್ಕೆ ಬರುವುದಿಲ್ಲ. ಮುಚ್ಚಳದಿಂದ ಇಳಿಯುವ ಸ್ಕ್ರೂ ಕಡ್ಡಿಯೂ ಅದೇ ಲೋಹದ್ದು. ಈ ದರ್ಜೆಯ ರೇಜರ್ ಸಾಯುವುದೇ ಅಲ್ಲಿ: ಬಿಗಿ ಸಾಲದು ಎಂದು ಇನ್ನೊಂದು ಸುತ್ತು ತಿರುಗಿಸುತ್ತಾರೆ, ಕಡ್ಡಿ ಮುರಿದು ಹಿಡಿಯೊಳಗೆ ಉಳಿಯುತ್ತದೆ. ನನ್ನದು ಇನ್ನೂ ಮುರಿದಿಲ್ಲ, ಬೆರಳ ತುದಿಯಲ್ಲಿ ಬಿಗಿದು ನಿಲ್ಲಿಸುತ್ತೇನೆ.

ಬ್ಲೇಡು ನೇರವಾಗಿ ಕೂರದಿರುವುದು ಇನ್ನೊಂದು ಕಿರಿಕಿರಿ. ಕಡ್ಡಿಗೂ ಕೆಳತಟ್ಟೆಯ ತೂತಿಗೂ ನಡುವೆ ಸಡಿಲವಿದೆ, ಹಾಗಾಗಿ ಒಂದು ಕಡೆ ಅಂಚು ಕೂದಲೆಳೆಯಷ್ಟು ಹೆಚ್ಚು ಹೊರಬರುತ್ತದೆ. ಒಂದು ಕಡೆ ಸಾಧು, ಇನ್ನೊಂದು ಕಡೆ ಕೋಪಿಷ್ಠ. ತಲೆಕೆಳಗಾಗಿ ಹಿಡಿದು, ಮುಚ್ಚಳದ ಎರಡು ಚಿಕ್ಕ ತುದಿಗಳನ್ನು ಬೆರಳುಗಳಿಂದ ಅದುಮಿ, ಹಿಡಿ ತಿರುಗಿಸಿ ಬಿಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಕಡೆ ನೋಡಬೇಕು. ಹತ್ತು ಸೆಕೆಂಡಿನ ಕೆಲಸ, ಆದರೆ ಪ್ರತಿ ಬ್ಲೇಡಿಗೂ ಇದೆ. ಸ್ವಲ್ಪ ದುಬಾರಿ ರೇಜರ್ ಕೊಂಡವರು ದುಡ್ಡು ಕೊಡುವುದು ಮುಖ್ಯವಾಗಿ ಈ ಸಡಿಲ ಇಲ್ಲದಿರುವುದಕ್ಕೆ. ಹಲ್ಲುಗಳ ನಡುವೆ ಕಟ್ಟುವ ಸೋಪಿನ ಬಿಳಿ ಗಸಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನಿಂಬೆರಸದಲ್ಲೋ ವಿನೆಗರ್‌ನಲ್ಲೋ ರಾತ್ರಿಯಿಡೀ ನೆನೆಹಾಕಿದರೆ ಲೇಪನಕ್ಕೆ ಅದೇ ಕೊನೆ.

ಖರ್ಚಿನ ಲೆಕ್ಕ ಯಾರೂ ಕೇಳದೆ ಬಿಡುವುದಿಲ್ಲ. ನಾನು ಕೊಳ್ಳುವ ಬ್ಲೇಡು ಒಂದಕ್ಕೆ ನಾಲ್ಕೈದು ರೂಪಾಯಿ ಬೀಳುತ್ತದೆ, ತಿಂಗಳಿಗೆ ಎರಡು ಸಾಕು. ಹಿಂದೆ ಬಳಸುತ್ತಿದ್ದ ಕಾರ್ಟ್ರಿಡ್ಜ್ ಒಂದಕ್ಕೆ ನೂರು ದಾಟುತ್ತಿತ್ತು. ಆದರೆ ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದದ್ದಿದೆ: ಉಳಿದ ದುಡ್ಡು ಒಳ್ಳೆಯ ಬ್ರಷ್ಷು, ಬಗೆಬಗೆಯ ಸೋಪು ಎಂದು ಹೋಗಿಬಿಡುವ ಅಪಾಯವೇ ಹೆಚ್ಚು. ಉಳಿತಾಯವೇ ಗುರಿಯಾಗಿದ್ದರೆ ಐದು ರೂಪಾಯಿ ಕಾರ್ಟ್ರಿಡ್ಜಿನ ಲೆಕ್ಕದಲ್ಲಿ 2010ರಲ್ಲಿ ಭಾರತಕ್ಕೆಂದೇ ಬಂದ ಜಿಲೆಟ್ ಗಾರ್ಡ್ ಕೂಡ ಕೆಟ್ಟದ್ದಲ್ಲ. ಅದಕ್ಕೂ ಒಂದೇ ಬ್ಲೇಡು, ಅದರಲ್ಲೂ ಸಣ್ಣ ಬಾಚಣಿಗೆಯಂಥ ಹಲ್ಲುಗಳಿವೆ. ವಿಮಾನದಲ್ಲಿ ಕೈಚೀಲ ಮಾತ್ರ ಹಿಡಿದು ಓಡಾಡುವವರಿಗೆ ಅದೇ ಅನುಕೂಲ, ಏಕೆಂದರೆ ಬಿಡಿ ಬ್ಲೇಡನ್ನು ಕ್ಯಾಬಿನ್ ಒಳಗೆ ಬಿಡುವುದಿಲ್ಲ.

ನನ್ನದರ ಕಡ್ಡಿ ಎಂದಾದರೂ ಮುರಿದರೆ ಮತ್ತೆ ಓಪನ್ ಕೋಂಬ್ ರೇಜರನ್ನೇ ಕೊಳ್ಳುತ್ತೇನೆ, ಆದರೆ ಹಿತ್ತಾಳೆ ಅಥವಾ ಸ್ಟೀಲ್ ತಲೆಯದ್ದನ್ನು, ಇನ್ನೊಂದು ಸಾವಿರ ಹೆಚ್ಚಾದರೂ ಸರಿ. ಮೊದಲ ಸಲ ಕೊಳ್ಳುವವರು ಈಗಲೇ ಅಷ್ಟು ಸುರಿಯಬೇಕಾಗಿಲ್ಲ. ಹಲ್ಲಿನ ರೇಜರ್ ತಮ್ಮ ಮುಖಕ್ಕೆ ಆಗಿಬರುತ್ತದೆಯೇ ಎಂದು ನೋಡಲು ಈ ಸತುವಿನದ್ದು ಧಾರಾಳವಾಗಿ ಸಾಕು.

ಕೊಳ್ಳುವಾಗಲೇ ಒಂದು ಖಾಲಿ ತಗಡಿನ ಡಬ್ಬಿಯನ್ನೂ ಎತ್ತಿಟ್ಟುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡು ನುಗ್ಗುವಷ್ಟು ಸೀಳು ಮಾಡಿ, ಹಳೆಯ ಬ್ಲೇಡುಗಳನ್ನೆಲ್ಲ ಅದರೊಳಗೆ ಹಾಕುತ್ತ ಹೋಗಬೇಕು. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದರೆ ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರ ಬೆರಳು ಹೋಗುತ್ತದೆ. ತಿಂಗಳಿಗೆ ಎರಡರ ಲೆಕ್ಕದಲ್ಲಿ ಚಹಾಪುಡಿಯ ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ 'ಬ್ಲೇಡು' ಎಂದು ಬರೆದು, ಕಸದ ಗಾಡಿಯವರ ಕೈಗೇ ಹೇಳಿ ಕೊಡಬೇಕು.