ಬ್ಯಾಂಡ್ ಕಟ್ಟುವವರಿಗೆ: ಹಾಡು ಬರೆದವನದಾ, ಎಲ್ಲರದಾ?

ಕುವೆಂಪುನಗರದ ಮಹಡಿ ರೂಮಿನಲ್ಲಿ ಪ್ರಾಕ್ಟೀಸ್ ಮಾಡುವ ಹುಡುಗರು ಯುವ ದಸರಾ ವೇದಿಕೆಯ ಕನಸು ಕಾಣುತ್ತಾರೆ. ಆದರೆ ಹಾಡಿನ ಹೆಸರು, ದುಡ್ಡು ಬರೆದವನಿಗಾ, ಎಲ್ಲರಿಗೂ ಸಮಪಾಲಾ ಅನ್ನೋ ವಿಷಯ ಮಾತ್ರ ಎತ್ತುವುದೇ ಇಲ್ಲ.

ಬರೆದವನದೇ ಹಾಡು ಅನ್ನೋದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬರಬರುತ್ತಾ ಒಬ್ಬನ ಮಾತೇ ಜಾಸ್ತಿ ನಡೆಯುತ್ತದೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನಲ್ಲಿ ಹೆಚ್ಚು ಬರೆಯುತ್ತಿದ್ದ ರಾಜರ್ ವಾಟರ್ಸ್ 1985ರಲ್ಲಿ ಹೊರಬಂದರು. ಆಮೇಲೆ ಬ್ಯಾಂಡಿನ ಹೆಸರಿಗಾಗಿ ಕೋರ್ಟು ಕಚೇರಿ. ಅಲ್ಲಿನದೇ ಇನ್ನೊಂದು ಬ್ಯಾಂಡ್ ಒಯಾಸಿಸ್‌ನಲ್ಲಂತೂ ಹೆಚ್ಚಿನ ಹಾಡು ಅಣ್ಣ ನೋಯೆಲ್‌ದು, ದನಿ ತಮ್ಮ ಲಿಯಾಮ್‌ದು. 2009ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಶೋಗೆ ಮುಂಚೆಯೇ ಜಗಳವಾಯಿತು. ಗಿಟಾರ್ ಒಡೆಯಿತು, ನೋಯೆಲ್ ಬ್ಯಾಂಡ್ ಬಿಟ್ಟರು. ಮತ್ತೆ ಒಯಾಸಿಸ್ ವೇದಿಕೆ ಹತ್ತಿದ್ದು 2025ರಲ್ಲಿ!

ಇನ್ನೊಂದು ದಾರಿ ಸಮಪಾಲು. ಅಮೆರಿಕದ ರಾಕ್ ಬ್ಯಾಂಡ್ ಆರ್‌.ಇ.ಎಂ.ನ ನಾಲ್ವರು ಹಾಡಿಗೆ ಎಲ್ಲರ ಹೆಸರನ್ನೂ ಹಾಕುತ್ತಿದ್ದರು. 1997ರಲ್ಲಿ ಡ್ರಮ್ಮರ್ ಬಿಟ್ಟರೂ ಬ್ಯಾಂಡ್ 2011ರವರೆಗೆ ನಡೆಯಿತು, ನಿಂತಿದ್ದೂ ಜಗಳವಿಲ್ಲದೆ. ಆದರೆ ರಾತ್ರಿಯೆಲ್ಲಾ ಕೂತು ಸಾಲು ಹೊಸೆದವನಿಗೂ ಪ್ರಾಕ್ಟೀಸ್‌ಗೆ ಚಕ್ಕರ್ ಹೊಡೆದವನಿಗೂ ಒಂದೇ ದುಡ್ಡು ಅಂದ್ರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಎಲ್ಲರೂ ಸರಿಯಾಗಿ ಬರುವವರಾದರೆ ನನ್ನ ಓಟು ಸಮಪಾಲಿಗೆ. ಒಬ್ಬನೇ ಬರೆಯುವ ಬ್ಯಾಂಡಾದರೆ ಅವನ ಹೆಸರೇ ಇರಲಿ, ಆದರೆ ಬ್ಯಾಂಡಿನ ಹೆಸರು ಯಾರದು ಅಂತ ಈಗಲೇ ಬರೆದಿಟ್ಟುಕೊಳ್ಳಿ. ಅಣ್ಣತಮ್ಮಂದಿರಿದ್ದರೆ ಇವತ್ತೇ.