ಕ್ಲೈಂಟಿಗೆ ಪ್ರೊಟೊಟೈಪ್ ಲಿಂಕ್ ಕಳಿಸೋಕೆ ಯಾವುದು ಒಳ್ಳೆಯದು: ಆಕ್ಶೂರ್ ಕ್ಲೌಡ್, ಫಿಗ್ಮಾ, ಪೆನ್‌ಪಾಟ್

ಆ್ಯಪ್ ಕಟ್ಟುವ ಮುಂಚೆ ಒತ್ತಿ ನೋಡೋಕೆ ಮಾಡುವ ಮಾದರಿಯೇ ಪ್ರೊಟೊಟೈಪ್. ಅದನ್ನು ಮಾಡಿ ಲಿಂಕ್ ಮೂಲಕ ಹಂಚೋಕೆ ಇರುವ ಟೂಲ್‌ಗಳು ಈ ಮೂರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಕ್ಶೂರ್ ಕ್ಲೌಡಿಗೆ, ಅಂದರೆ ಆಕ್ಶೂರ್ ಸಾಫ್ಟ್‌ವೇರಿನಲ್ಲಿ ಕಟ್ಟಿದ್ದನ್ನು ಹಂಚುವ ಜಾಗಕ್ಕೆ. ಫಿಗ್ಮಾ ಬಿಟ್ಟಿಲ್ಲ, ದಿನವೂ ತೆರೆದಿರುತ್ತದೆ. ಆದರೆ ಕ್ಲೈಂಟ್ ಕೈಗೆ ಕೊಡುವ ಲಿಂಕ್ ಅಂತ ಬಂದರೆ ಈಗ ಆಕ್ಶೂರ್ ಒಂದೇ. ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳುತ್ತಿಲ್ಲ. ನಮ್ಮದು ಮೂರು ಜನರ ಸಣ್ಣ ಡಿಸೈನ್ ಸ್ಟುಡಿಯೋ. ನಮಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಫಾರಂ ತುಂಬುವ ಆ್ಯಪ್‌ಗಳು: ಬಿಲ್ಲಿಂಗ್, ಸಾಲದ ಅರ್ಜಿ, ಸದಸ್ಯರ ನೋಂದಣಿ, ಸ್ಟಾಕ್ ಲೆಕ್ಕ. ಚಂದದ ಅನಿಮೇಷನ್ ಕೇಳುವವರು ಕಡಿಮೆ. "ಇಲ್ಲಿ ನಂಬರ್ ಹಾಕಿದರೆ ಏನಾಗುತ್ತೆ?" ಅಂತ ಕೇಳುವವರೇ ಜಾಸ್ತಿ.

ಇದಕ್ಕೂ ಮುಂಚೆ ಇನ್ನೊಂದು ಟೂಲಿಗೆ ಇಡೀ ವರ್ಷದ ಚಂದಾ ಕಟ್ಟಿದ್ದೆವು. ಅದರ ಹೆಸರು ಇಲ್ಲಿ ಬೇಡ. ಲಿಂಕ್ ಒತ್ತಿದರೆ ಮೊದಲು ಲಾಗಿನ್ ಪುಟ ಬರುತ್ತಿತ್ತು. ಸೆಟ್ಟಿಂಗ್ ಬದಲಿಸಿದರೂ ಕೆಲವರ ಫೋನಿನಲ್ಲಿ ಅದೇ ಪುಟ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ, ಇಮೇಲ್ ಹಾಕಿ, ಪಾಸ್‌ವರ್ಡ್ ಮಾಡಿ, ಮತ್ತೆ ಇಮೇಲಿಗೆ ಬಂದ ಕೋಡ್ ಹುಡುಕಿ ತಂದು ಹಾಕುವಷ್ಟು ತಾಳ್ಮೆ ಐವತ್ತೈದು ದಾಟಿದ ಸಂಘದ ನಿರ್ದೇಶಕರಿಗೆ ಯಾಕಿರಬೇಕು? ಅವರು ಬಂದಿರುವುದು ಆ್ಯಪ್ ನೋಡೋಕೆ. ಕೊನೆಗೆ ಸ್ಕ್ರೀನ್‌ಶಾಟ್ ಪಿಡಿಎಫ್ ಮಾಡಿ ಕಳಿಸುವ ಹಂತಕ್ಕೆ ಬಂದೆವು. ಚಂದಾ ಮುಗಿಯಿತು, ನಾವು ಮತ್ತೆ ಕಟ್ಟಲಿಲ್ಲ. ಆಮೇಲೆ ಫಿಗ್ಮಾ, ಪೆನ್‌ಪಾಟ್, ಆಕ್ಶೂರ್ ಮೂರನ್ನೂ ನಿಜವಾದ ಕೆಲಸದಲ್ಲೇ ಇಟ್ಟು ನೋಡಿದೆವು.

ಆ ಕೆಲಸ ಉಡುಪಿ ಕಡೆಯ ಒಂದು ಪತ್ತಿನ ಸಹಕಾರ ಸಂಘದ್ದು. ಪಿಗ್ಮಿ ಸಂಗ್ರಾಹಕರಿಗೆ ಒಂದು ಆ್ಯಪ್ ಬೇಕಿತ್ತು. ಪಿಗ್ಮಿ ಗೊತ್ತಲ್ವಾ? ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಉಡುಪಿಯಲ್ಲಿ ಶುರುಮಾಡಿದ್ದು, ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿಗೆ ಬಂದು ಪಡೆಯುವ ಯೋಜನೆ. ಕರಾವಳಿಯಲ್ಲಿ ಇವತ್ತಿಗೂ ಅಂಗಡಿ ಅಂಗಡಿಗೆ ಹೋಗಿ ಸಂಗ್ರಹ ಮಾಡುವವರಿದ್ದಾರೆ. ಅವರು ನಿಂತುಕೊಂಡೇ, ಒಂದು ಕೈಯಲ್ಲಿ ನೋಟು ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಒತ್ತುತ್ತಾರೆ. ಹಿಂದೆ ಗಿರಾಕಿಗಳು ಕಾಯುತ್ತಿರುತ್ತಾರೆ. ಅಂಥವರ ಕೈಗೆ ಪ್ರೊಟೊಟೈಪ್ ಕೊಟ್ಟರೆ ಅವರು ಮಾಡುವ ಮೊದಲ ಕೆಲಸ ಮೊತ್ತದ ಜಾಗ ಮುಟ್ಟಿ ಟೈಪ್ ಮಾಡುವುದು.

ಫಿಗ್ಮಾ ಪ್ರೊಟೊಟೈಪ್‌ನಲ್ಲಿ ಆ ಜಾಗ ಮುಟ್ಟಿದರೆ ಕೀಬೋರ್ಡ್ ಬರಲ್ಲ. ಅದು ಇರುವುದೇ ಹಾಗೆ. ಅದು ಸ್ಕ್ರೀನ್‌ನಿಂದ ಸ್ಕ್ರೀನಿಗೆ ಹೋಗುವ ಪ್ರೊಟೊಟೈಪ್. 2023ರಲ್ಲಿ ವೇರಿಯಬಲ್‌ಗಳು (ಬದಲಾಗುವ ಅಂಕಿ, ಪದ ನೆನಪಿಟ್ಟುಕೊಳ್ಳುವ ಜಾಗ), ಷರತ್ತುಗಳು ಬಂದ ಮೇಲೆ ಲೆಕ್ಕಾಚಾರ ಸ್ವಲ್ಪ ಮಾಡಿಸಬಹುದು. ಆದರೂ ಜನ ಸಾಮಾನ್ಯವಾಗಿ ಮಾಡುವುದು ಏನೆಂದರೆ, ಮೊತ್ತದ ಜಾಗ ಮುಟ್ಟಿದ ಕೂಡಲೇ ಮೊದಲೇ ತುಂಬಿಸಿಟ್ಟ 200 ರೂಪಾಯಿ ಕಾಣುವ ಇನ್ನೊಂದು ಸ್ಕ್ರೀನಿಗೆ ಹೋಗುವಂತೆ ಕೊಂಡಿ ಹಾಕುವುದು. ಮ್ಯಾನೇಜರ್ ಮುಂದೆ ನಾವೇ ಕುಳಿತು ತೋರಿಸುವಾಗ ಇದು ಸಾಕು. ಸಂಗ್ರಾಹಕರ ಕೈಗೆ ಕೊಟ್ಟಾಗ ಸಾಲದು. "ಸರ್, ನಾನು 150 ಹಾಕ್ಬೇಕಿತ್ತು" ಅಂದರೆ ಏನು ಹೇಳುವುದು? 2025ರಲ್ಲಿ ಬಂದ ಫಿಗ್ಮಾ ಮೇಕ್ ಕೋಡ್ ಬರೆದು ನಿಜವಾಗಿ ಓಡುವ ಆ್ಯಪ್ ಮಾಡಿಕೊಡುತ್ತದೆ. ಅದರಲ್ಲಿ ಟೈಪ್ ಮಾಡಬಹುದು, ಆದರೆ ನಾವು ಪಿಕ್ಸೆಲ್ ಲೆಕ್ಕದಲ್ಲಿ ಕೂಡಿಸಿಟ್ಟ ಸ್ಕ್ರೀನ್‌ಗಳ ಕೆಲಸಕ್ಕೂ ಅದಕ್ಕೂ ದಾರಿ ಬೇರೆ.

ಆಕ್ಶೂರ್ ಹಳೆಯ ಸಾಫ್ಟ್‌ವೇರ್, 2003ರಿಂದ ಇದೆ. ಅದು ಕೊನೆಗೆ ಕೊಡುವುದು ವೆಬ್ ಪುಟ. ಹಾಗಾಗಿ ಅದರ ಟೆಕ್ಸ್ಟ್ ಫೀಲ್ಡ್ ನಿಜವಾದ ಫೀಲ್ಡ್. ಅದನ್ನು ನಂಬರ್ ಅಂತ ಗುರುತು ಮಾಡಿದರೆ ಫೋನಿನಲ್ಲಿ ಅಂಕಿಗಳ ಕೀಪ್ಯಾಡೇ ಬರುತ್ತದೆ. ಪಟ್ಟಿ ಮಾಡೋಕೆ ರಿಪೀಟರ್ ಅಂತ ಒಂದು ವಿಜೆಟ್, ಅಂದರೆ ಸಿದ್ಧ ಭಾಗ, ಇದೆ. ಮೊತ್ತ ಹಾಕಿ ಉಳಿಸಿ ಒತ್ತಿದರೆ ಕೆಳಗಿನ ಪಟ್ಟಿಗೆ ಒಂದು ಸಾಲು ಸೇರುತ್ತದೆ, ಇವತ್ತಿನ ಒಟ್ಟು ಮೊತ್ತ ಬದಲಾಗುತ್ತದೆ, ಹೆಸರು ಟೈಪ್ ಮಾಡಿದರೆ ಪಟ್ಟಿ ಸೋಸಿ ಬರುತ್ತದೆ. ಕೋಡ್ ಒಂದು ಸಾಲೂ ಬರೆದಿಲ್ಲ. ಸಂಗ್ರಾಹಕರು ತಮ್ಮದೇ ಅಂಗಡಿಗಳ ಹೆಸರನ್ನು ಕನ್ನಡದಲ್ಲೇ ಹೊಡೆದು ನೋಡಿದರು.

ಇದರಿಂದ ಸಿಕ್ಕ ಲಾಭ ಹೇಳಲೇಬೇಕು. ಕೀಪ್ಯಾಡ್ ಮೇಲೆ ಬಂದ ಕೂಡಲೇ 'ಉಳಿಸಿ' ಬಟನ್ ಅದರ ಅಡಿಗೆ ಹೋಗುತ್ತಿತ್ತು. ಬರೀ ಚಿತ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಚಿತ್ರದಲ್ಲಿ ಕೀಪ್ಯಾಡ್ ನಾವು ಇಟ್ಟಲ್ಲಿ ಸುಮ್ನೆ ಕೂತಿರುತ್ತದೆ. ಇನ್ನೊಂದು, ಅಂಗಡಿಯವರು ಮೊದಲು ಹಣ ಕೊಡುತ್ತಾರೆ, ಖಾತೆ ನಂಬರ್ ಹೇಳುವುದಿಲ್ಲ. ನಮ್ಮ ಸ್ಕ್ರೀನ್ ಮೊದಲು ಖಾತೆ ನಂಬರ್ ಕೇಳುತ್ತಿತ್ತು. ಕೈಯಲ್ಲಿ ಹಿಡಿದು ಟೈಪ್ ಮಾಡಿದ ಮೇಲೆ ಈ ಎರಡೂ ಕಣ್ಣಿಗೆ ಬಿದ್ದವು, ಡೆವಲಪರ್ ಕೆಲಸ ಶುರುಮಾಡುವ ಮುಂಚೆಯೇ. ನನಗೆ ಪ್ರೊಟೊಟೈಪ್ ಅಂದರೆ ಇದೇ.

ಇನ್ನು ನನಗೆ ಅತಿ ಮುಖ್ಯ ಅನ್ನಿಸಿದ ವಿಷಯ. ಯಾವ ಹೋಲಿಕೆಯಲ್ಲೂ ಇದರ ಬಗ್ಗೆ ಯಾರೂ ಸರಿಯಾಗಿ ಬರೆಯುವುದಿಲ್ಲ: ಲಿಂಕ್ ಒತ್ತಿದಾಗ ಕಾಣುವುದು ಯಾವ ಹೊತ್ತಿನ ಡಿಸೈನ್?

ಫಿಗ್ಮಾ ಲಿಂಕ್ ಲೈವ್. ಫೈಲ್‌ನಲ್ಲಿ ಈ ಕ್ಷಣ ಏನಿದೆಯೋ ಅದೇ ನೋಡುವವರಿಗೂ ಕಾಣುತ್ತದೆ. ಪೆನ್‌ಪಾಟ್ ಲಿಂಕ್ ಕೂಡ ಹಾಗೆಯೇ. ತಂಡದೊಳಗೆ ಇದು ವರದಾನ. ನಾನು ಬಣ್ಣ ಬದಲಿಸಿದರೆ ಪಕ್ಕದ ಮೇಜಿನವರ ಸ್ಕ್ರೀನಿನಲ್ಲೂ ಬದಲಾಗುತ್ತದೆ, ಹೊಸ ಲಿಂಕ್ ಕೇಳುವ ಮಾತೇ ಇಲ್ಲ. ಆದರೆ ಅದೇ ಲಿಂಕ್ ಸಂಘದ ನಿರ್ದೇಶಕರ ವಾಟ್ಸಾಪ್ ಗ್ರೂಪಿನಲ್ಲಿ ಇದೆ ಅಂದುಕೊಳ್ಳಿ. ಒಬ್ಬರು ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡುತ್ತಾರೆ. ಇನ್ನೊಬ್ಬರು ರಾತ್ರಿ ಊಟ ಆದ ಮೇಲೆ ತೆರೆಯುತ್ತಾರೆ, ಆ ಹೊತ್ತಿಗೆ ನಾನು ಒಂದು ಸ್ಕ್ರೀನ್ ಕಿತ್ತು ಅರ್ಧ ಕಟ್ಟಿರುತ್ತೇನೆ. ಮೀಟಿಂಗಿನಲ್ಲಿ ಇಬ್ಬರೂ ಬೇರೆ ಬೇರೆ ಸ್ಕ್ರೀನ್ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ. ಇಬ್ಬರ ಮಾತೂ ನಿಜವೇ. "ನೀವು ತೋರಿಸಿದ್ದು ಇದಲ್ಲ" ಅನ್ನುವ ಮಾತು ಒಮ್ಮೆ ಬಂದರೆ ಆಮೇಲೆ ಪ್ರತಿ ಬದಲಾವಣೆಗೂ ಅನುಮಾನ. ದುಡ್ಡಿನ ಮಾತು ಬಂದಾಗಂತೂ ಇನ್ನೂ ಕಷ್ಟ, ಯಾಕೆಂದರೆ ಒಪ್ಪಿದ್ದು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅನ್ನುವುದರ ಮೇಲೇ ನಮ್ಮ ಬಿಲ್ ನಿಂತಿರುತ್ತದೆ.

ಫಿಗ್ಮಾದಲ್ಲಿ ಇದಕ್ಕೆ ದಾರಿ ಇಲ್ಲದೇ ಇಲ್ಲ. ಬ್ರಾಂಚಿಂಗ್ ಇದೆ, ಬೇರೆ ಕವಲಿನಲ್ಲಿ ಕೆಲಸ ಮಾಡಿ ಮುಗಿದ ಮೇಲೆ ಸೇರಿಸಬಹುದು. ಆದರೆ ಅದು ಸಿಗುವುದು ಆರ್ಗನೈಸೇಷನ್ ಪ್ಲಾನಿನಿಂದ ಮೇಲೆ, ನಮ್ಮಂಥ ಮೂರು ಜನರ ಬಜೆಟ್ಟಿಗೆ ಅಲ್ಲ. ವರ್ಷನ್ ಹಿಸ್ಟರಿ ಇದೆ, ಉಚಿತ ಪ್ಲಾನಿನಲ್ಲಿ 30 ದಿನದ್ದು ಮಾತ್ರ. ಇನ್ನೊಂದು ದಾರಿ, ಕ್ಲೈಂಟಿಗೆ ಅಂತಲೇ ಒಂದು ಬೇರೆ ಫೈಲ್ ಇಟ್ಟು, ಮುಗಿದ ಫ್ರೇಮ್‌ಗಳನ್ನು (ಫಿಗ್ಮಾದಲ್ಲಿ ಸ್ಕ್ರೀನ್‌ಗೆ ಇರುವ ಹೆಸರು) ಒಟ್ಟಿಗೆ ಕಾಪಿ ಮಾಡಿ ಅಲ್ಲಿಗೆ ತರುವುದು. ಒಟ್ಟಿಗೆ ತಂದರೆ ಅವುಗಳ ನಡುವಿನ ಕೊಂಡಿಗಳೂ ಜೊತೆಗೆ ಬರುತ್ತವೆ. ಶಿಸ್ತು ಇರುವವರಿಗೆ ಇದು ಸಾಕು. ಫಿಗ್ಮಾ ಒಂದನ್ನೇ ಬಳಸುವವರಾದರೆ ದಯವಿಟ್ಟು ಇದನ್ನು ಮಾಡಿ. ಕೆಲಸದ ಫೈಲಿನ ಲಿಂಕನ್ನು ಹೊರಗೆ ಕೊಡಬೇಡಿ.

ಆಕ್ಶೂರ್‌ನಲ್ಲಿ ಈ ತಲೆಬಿಸಿಯೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ನಾನು ಏನು ಬೇಕಾದರೂ ಕಿತ್ತು ಕಟ್ಟಬಹುದು. ಪಬ್ಲಿಶ್ ಒತ್ತುವ ತನಕ ಕ್ಲೌಡಿನಲ್ಲಿ ಇರುವುದು ಹಳೆಯದೇ. ನಾವು ಮಾಡಿಕೊಂಡ ಪದ್ಧತಿ ಹೀಗಿದೆ. ಪರಿಶೀಲನೆಗೆ ಒಂದು ಲಿಂಕ್, ಪ್ರತಿ ಸಲ ಅದರ ಮೇಲೇ ಪಬ್ಲಿಶ್. ಮೀಟಿಂಗಿನಲ್ಲಿ ಒಪ್ಪಿಗೆ ಸಿಕ್ಕ ದಿನ ಆ ತಿಂಗಳ ಹೆಸರಿಟ್ಟು ಇನ್ನೊಂದು ಪ್ರಾಜೆಕ್ಟ್ ಆಗಿ ಪಬ್ಲಿಶ್ ಮಾಡಿ, ಅದನ್ನು ಮತ್ತೆ ಮುಟ್ಟುವುದಿಲ್ಲ. ಆ ಲಿಂಕನ್ನೇ ಬಿಲ್ಲಿನ ಇಮೇಲಿನಲ್ಲೂ ಹಾಕುತ್ತೇವೆ. ಒಂದು ಎಚ್ಚರ: ಪಬ್ಲಿಶ್ ಮಾಡುವಾಗ ಹೊಸ ಪ್ರಾಜೆಕ್ಟೋ, ಇದ್ದದ್ದರ ಮೇಲೋ ಅನ್ನುವ ಆಯ್ಕೆ ನೋಡಿಕೊಳ್ಳಿ. ಹೊಸದು ಅಂತ ಇದ್ದರೆ ಲಿಂಕೂ ಹೊಸದಾಗುತ್ತದೆ.

ಕನ್ನಡ ಅಕ್ಷರದ ವಿಷಯದಲ್ಲಿ ಮಾತ್ರ ಫಿಗ್ಮಾ ಗೆಲ್ಲುತ್ತದೆ. ಗೂಗಲ್ ಫಾಂಟ್ಸ್‌ನ ನೋಟೋ ಸಾನ್ಸ್ ಕನ್ನಡವೋ ಅನೇಕ್ ಕನ್ನಡವೋ ಹಾಕಿದರೆ ನೋಡುವ ಎಲ್ಲರಿಗೂ ಒಂದೇ ಥರ ಕಾಣುತ್ತದೆ. ಆಕ್ಶೂರ್ ಕೊಡುವುದು ವೆಬ್ ಪುಟ, ಹಾಗಾಗಿ ವೆಬ್ ಫಾಂಟ್ ಜೋಡಿಸದಿದ್ದರೆ ಫೋನ್ ತನ್ನಲ್ಲಿರುವ ಅಕ್ಷರವನ್ನೇ ಹಾಕಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೋ. ಮೂರರ ಅಗಲವೂ ಬೇರೆ, ಎತ್ತರವೂ ಬೇರೆ. ಒಂದರಲ್ಲಿ ಒಂದೇ ಸಾಲಿಗೆ ಕೂರುವ 'ಜಮಾ ಮಾಡಿದ ಮೊತ್ತ' ಇನ್ನೊಂದರಲ್ಲಿ ಎರಡು ಸಾಲಾಗಬಹುದು, ಬಟನ್ ಎತ್ತರ ಬಿಗಿಯಾಗಿ ಇಟ್ಟಿದ್ದರೆ ತ್ತ ಒತ್ತಿನ ಬುಡ ಕತ್ತರಿಸಿದಂತೆ ಕಾಣಬಹುದು. ಪಬ್ಲಿಶ್ ಸೆಟ್ಟಿಂಗ್‌ನಲ್ಲಿ ಫಾಂಟ್‌ಗೆ ಅಂತ ಜಾಗ ಇದೆ, ಗೂಗಲ್ ಫಾಂಟ್ಸ್ ಕೊಂಡಿ ಅಲ್ಲಿ ಹಾಕಿದರೆ ಮುಗಿಯಿತು. ಹಾಕಿದ ಮೇಲೂ ಒಂದು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ನೋಡದೆ ಯಾರಿಗೂ ಕಳಿಸಬೇಡಿ.

ಕಾಮೆಂಟ್ ಸೌಲಭ್ಯ ಮೂರರಲ್ಲೂ ಇದೆ. ಫಿಗ್ಮಾದಲ್ಲಿ ನೋಡೋಕೆ ಖಾತೆ ಬೇಡ, ಕಾಮೆಂಟ್ ಬರೆಯೋಕೆ ಬೇಕು. ನಮ್ಮ ಕ್ಲೈಂಟ್‌ಗಳು ಸ್ಕ್ರೀನ್‌ಶಾಟ್ ಜೊತೆ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಹಾಗಾಗಿ ಇದಕ್ಕೆ ನಾನು ಅಂಕ ಕೊಡುವುದಿಲ್ಲ.

ಪೆನ್‌ಪಾಟ್ ಬಗ್ಗೆ ನನಗೆ ತುಂಬ ಗೌರವ. ಸ್ಪೇನಿನ ಕಲೈಡೋಸ್ ತಂಡದ್ದು, ಓಪನ್ ಸೋರ್ಸ್, ಬೇಕಾದರೆ ಡಾಕರ್ (ಸರ್ವರಿನಲ್ಲಿ ಸಾಫ್ಟ್‌ವೇರ್ ಓಡಿಸುವ ಟೂಲ್) ಹಾಕಿ ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. 2022ರಲ್ಲಿ ಅಡೋಬಿ 20 ಬಿಲಿಯನ್ ಡಾಲರಿಗೆ ಫಿಗ್ಮಾ ಕೊಳ್ಳುತ್ತೇನೆ ಅಂದಾಗ ಬಹಳ ಜನ ಇದರ ಕಡೆ ತಿರುಗಿದರು. ಆ ವ್ಯವಹಾರ 2023ರ ಡಿಸೆಂಬರಿನಲ್ಲಿ ಬಿದ್ದುಹೋಯಿತು, ಆದರೆ ಪೆನ್‌ಪಾಟ್ ಬೆಳೆಯುತ್ತಲೇ ಇದೆ. ಅಳತೆ, ಸಿಎಸ್ಎಸ್ (ವೆಬ್ ಪುಟದ ಬಣ್ಣ, ಅಳತೆ ಹೇಳುವ ಕೋಡ್) ಎಲ್ಲ ಅದರ ಇನ್‌ಸ್ಪೆಕ್ಟ್ ವಿಭಾಗದಲ್ಲಿ ಪುಕ್ಕಟೆ ಸಿಗುವುದರಿಂದ ನಮ್ಮ ಡೆವಲಪರಿಗೆ ಇದೇ ಇಷ್ಟ. ಫಿಗ್ಮಾದಲ್ಲಿ ಇದೇ ಕೆಲಸಕ್ಕಿರುವ ಡೆವ್ ಮೋಡ್ 2024ರಿಂದ ದುಡ್ಡಿನ ಲೆಕ್ಕಕ್ಕೆ ಹೋಗಿದೆ. ಆದರೆ ಪೆನ್‌ಪಾಟ್ ಪ್ರೊಟೊಟೈಪ್‌ನಲ್ಲಿ ಇರುವುದು ಸ್ಕ್ರೀನ್ ಬದಲಿಸುವುದು, ಓವರ್‌ಲೇ (ಸ್ಕ್ರೀನಿನ ಮೇಲೆ ಬರುವ ಇನ್ನೊಂದು ಪದರ) ತೆರೆಯುವುದು, ಇಂಥವು. ಟೈಪ್ ಮಾಡೋಕೆ ಆಗಲ್ಲ. ವೆಬ್‌ಸೈಟ್ ಮಾಡುವವರು, ಕಾಲೇಜು ಹುಡುಗರು, ಕೈಯಲ್ಲಿ ದುಡ್ಡಿಲ್ಲದೆ ಶುರುಮಾಡುವವರು ಕಣ್ಣುಮುಚ್ಚಿ ಇದನ್ನೇ ಹಿಡಿಯಬಹುದು.

ತಂಡದ ಒಳಗಿನ ಕೆಲಸಕ್ಕೆ ಫಿಗ್ಮಾವೇ. ಆಕ್ಶೂರ್‌ನಲ್ಲಿ ಕೂಡಿ ಕೆಲಸ ಮಾಡಬೇಕಾದರೆ ಟೀಮ್ ಆವೃತ್ತಿ ಕೊಳ್ಳಬೇಕು, ಅದರಲ್ಲೂ ಪುಟವನ್ನು ಚೆಕ್ ಔಟ್ ಮಾಡಿ, ತಿದ್ದಿ, ಚೆಕ್ ಇನ್ ಮಾಡುವ ಪದ್ಧತಿ. ಒಂದೇ ಸ್ಕ್ರೀನಿನ ಮೇಲೆ ಮೂರು ಕರ್ಸರ್ ಓಡಾಡುವ ಸುಖ ಅಲ್ಲಿಲ್ಲ.

ದುಡ್ಡಿನ ಲೆಕ್ಕ. ಫಿಗ್ಮಾ ಉಚಿತ ಪ್ಲಾನಿನಲ್ಲಿ ತಂಡಕ್ಕೆ 3 ಡಿಸೈನ್ ಫೈಲ್. 2025ರ ಮಾರ್ಚಿನಿಂದ ಪ್ರೊಫೆಷನಲ್ ಪ್ಲಾನಿನ ಫುಲ್ ಸೀಟಿಗೆ (ಡಿಸೈನ್ ಮಾಡುವ ಒಬ್ಬರಿಗೆ) ವರ್ಷದ ಲೆಕ್ಕದಲ್ಲಿ ತಿಂಗಳಿಗೆ 16 ಡಾಲರ್, ಸುಮ್ನೆ ನೋಡುವವರಿಗೆ ಉಚಿತ. ಆಕ್ಶೂರ್ ಅದಕ್ಕಿಂತ ದುಬಾರಿ, ಆದರೆ ನಮಗೆ ಬೇಕಿರುವುದು ಒಂದೇ ಲೈಸೆನ್ಸ್. ಸ್ಕ್ರೀನ್‌ಗಳು ಫಿಗ್ಮಾದಲ್ಲಿ ಆಗುತ್ತವೆ, ಕ್ಲೈಂಟಿಗೆ ಹೋಗುವ ಫಾರಂಗಳನ್ನು ಒಬ್ಬರು ಆಕ್ಶೂರ್‌ನಲ್ಲಿ ಕಟ್ಟುತ್ತಾರೆ. ಎರಡು ಸಲ ಕೆಲಸ ಅಲ್ವಾ ಅಂತ ಕೇಳಬಹುದು. ಹೌದು, ಎರಡು ಸಲವೇ. ಡೆವಲಪರ್ ಕಟ್ಟಿದ ಮೇಲೆ ಕಿತ್ತು ಕಟ್ಟುವುದಕ್ಕಿಂತ ಇದು ಅಗ್ಗ. ಬರೀ ಪ್ರಚಾರದ ಪುಟ, ಅಂಗಡಿಯ ಕ್ಯಾಟಲಾಗ್ ಮಾಡುವವರಿಗೆ ಈ ಖರ್ಚು ಬೇಡ.

ಇನ್ನೊಂದು ಕಾರಣಕ್ಕೂ ನಾನು ಆಕ್ಶೂರ್ ಬಿಡುವುದಿಲ್ಲ. ಒಂದು ಕಾಲದಲ್ಲಿ ಪ್ರೊಟೊಟೈಪ್ ಹಂಚುವುದು ಅಂದರೆ ಇನ್‌ವಿಷನ್ ಅನ್ನುವಷ್ಟು ದೊಡ್ಡ ಹೆಸರಿತ್ತು. 2024ರ ಡಿಸೆಂಬರ್ 31ಕ್ಕೆ ಅದರ ಸೇವೆ ನಿಂತಿತು. ಇದೇ ಥರದ ಇನ್ನೊಂದು ಟೂಲ್ ಅಡೋಬಿ ಎಕ್ಸ್‌ಡಿ 2023ರಿಂದ ಬಿಡಿಯಾಗಿ ಮಾರಾಟಕ್ಕಿಲ್ಲ. ಕ್ಲೌಡ್ ಲಿಂಕಿನ ಆಯುಸ್ಸು ಆ ಕಂಪನಿಯ ಆಯುಸ್ಸಿನಷ್ಟೇ. ಆಕ್ಶೂರ್ ಪ್ರೊಟೊಟೈಪನ್ನು ಎಚ್‌ಟಿಎಂಎಲ್ ಫೈಲ್‌ಗಳಾಗಿ ಇಳಿಸಿ ನಮ್ಮ ಸರ್ವರಿನಲ್ಲೇ ಇಡಬಹುದು. ಒಪ್ಪಿಗೆಯಾದ ಪ್ರತಿ ಆವೃತ್ತಿಯನ್ನೂ ಹಾಗೆ ಇಳಿಸಿ, ಸಂಘಕ್ಕೂ ಒಂದು ಪ್ರತಿ ಕೊಟ್ಟಿದ್ದೇವೆ.

ಯಾವ ಟೂಲ್ ಹಿಡಿದರೂ ಇದೊಂದು ನೆನಪಿಡಿ: ಪ್ರೊಟೊಟೈಪ್ ಒಳಗೆ ನಿಜವಾದ ಗ್ರಾಹಕರ ಹೆಸರು, ಖಾತೆ ನಂಬರ್ ಹಾಕಬೇಡಿ. ಕ್ಲೈಂಟ್ ತಮ್ಮ ಲೆಡ್ಜರ್ ಫೋಟೋ ಕಳಿಸಿ ಇದನ್ನೇ ತುಂಬಿಸಿ ಅಂತ ಹೇಳಿದರೂ ಬೇಡ. ಲಿಂಕ್ ಯಾರ ಕೈಗೆ ಹೋಗುತ್ತದೋ ಗೊತ್ತಿರುವುದಿಲ್ಲ. ಆಕ್ಶೂರ್ ಲಿಂಕಿಗೆ ಪಾಸ್‌ವರ್ಡ್ ಹಾಕಬಹುದು. ನಾವು ಹಾಕುತ್ತೇವೆ, ನಾಲ್ಕು ಅಂಕಿಯದ್ದು, ಅದನ್ನು ಫೋನ್ ಮಾಡಿ ಬಾಯಲ್ಲೇ ಹೇಳುತ್ತೇವೆ.

ಆಕ್ಶೂರ್ ಕೊಳ್ಳುವ ಮುಂಚೆ 30 ದಿನದ ಉಚಿತ ಟ್ರಯಲ್ ಇದೆ. ಆ ದಿನಗಳಲ್ಲಿ ಮಾದರಿ ಫೈಲ್‌ಗಳನ್ನು ನೋಡುತ್ತಾ ಕೂರಬೇಡಿ. ಕೈಯಲ್ಲಿರುವ ಕೆಲಸದಲ್ಲಿ ಅತಿ ಕಷ್ಟದ ಒಂದು ಫಾರಂ ಕಟ್ಟಿ, ಅದನ್ನು ಬಳಸುವವರ ಫೋನಿಗೇ ಕಳಿಸಿ ನೋಡಿ.